‘ಯಾವ ದೇಶ?’ ಅಂದರೆ ‘ಹಳಿಯಾಳ’ ಅನ್ನುವ ಗೆಳೆಯ

ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯನೊಬ್ಬ ಹಳಿಯಾಳದ ಸಿದ್ದಿ. ಬೆಂಗಳೂರಿಗೆ ಬಂದ ಮೇಲೆ ಅವನಿಗೆ ಒಂದು ಪ್ರಶ್ನೆ ತಪ್ಪಿದ್ದೇ ಇಲ್ಲ: ‘ವೇರ್ ಆರ್ ಯು ಫ್ರಮ್?’ ‘ಹಳಿಯಾಳರೀ, ಧಾರವಾಡದಿಂದ ಒಂದು ತಾಸಿನ ದಾರಿ’ ಅಂತ ಅವನು ಅಪ್ಪಟ ಕನ್ನಡದಲ್ಲಿ ಹೇಳಿದರೂ ಎದುರಿನವರಿಗೆ ಸಮಾಧಾನ ಇಲ್ಲ. ‘ಅಲ್ಲ, ಒರಿಜಿನಲಿ?’ ಒಂದು ಪಿ.ಜಿ.ಯಲ್ಲಂತೂ ಆಧಾರ್ ಕಾರ್ಡ್ ತೋರಿಸಿದ ಮೇಲೂ ಪಾಸ್‌ಪೋರ್ಟ್ ಕೇಳಿದ್ದರು.

ಆ ‘ಒರಿಜಿನಲಿ’ಗೆ ವಿಜ್ಞಾನ ನಿಜಕ್ಕೂ ಉತ್ತರ ಹುಡುಕಿದೆ. ಹೈದರಾಬಾದಿನ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಹಾರ್ವರ್ಡ್ ವೈದ್ಯಕೀಯ ಶಾಲೆಯ ತಳಿವಿಜ್ಞಾನ ವಿಭಾಗದ ಡೇವಿಡ್ ರೈಕ್ ಮೊದಲಾದವರು ಸೇರಿ ಸಿದ್ದಿಗಳ ಡಿಎನ್‌ಎ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್, ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಎರಡನ್ನೂ ನೋಡಿದಾಗ ಮೂಲ ಸಿಕ್ಕಿದ್ದು ಆಫ್ರಿಕಾದ ಬಂಟು ಭಾಷಿಕರಲ್ಲಿ. ಪೋರ್ಚುಗೀಸರು 300ರಿಂದ 500 ವರ್ಷಗಳ ಹಿಂದೆ ಇವರನ್ನು ಹಡಗಿನಲ್ಲಿ ತಂದರು ಎನ್ನುತ್ತವೆ ಚರಿತ್ರೆಯ ದಾಖಲೆಗಳು. ಸ್ಥಳೀಯ ಜನರ ಜೊತೆ ರಕ್ತಸಂಬಂಧ ಬೆಳೆದದ್ದು ಬಹುಶಃ ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳಿಂದೀಚೆಗೆ ಎನ್ನುತ್ತದೆ ಈ ಅಧ್ಯಯನ.

ತಲೆಮಾರು ಎಣಿಸಿದ್ದು ಹೇಗೆ?

ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೆನಪಿಸಿಕೊಳ್ಳಿ. ಆಫ್ರಿಕಾದ್ದು ಒಂದು ಬಟ್ಟೆ, ಇಲ್ಲಿಯದು ಇನ್ನೊಂದು ಅಂದುಕೊಳ್ಳಿ. ಎರಡು ಕಡೆಯವರ ನಡುವೆ ಮೊದಲ ಮದುವೆಯಾದಾಗ ಬಟ್ಟೆಗಳು ಉದ್ದುದ್ದ ಇರುತ್ತವೆ. ಮುಂದಿನ ಪ್ರತಿ ತಲೆಮಾರಿನಲ್ಲೂ ಕ್ರೋಮೋಸೋಮ್‌ಗಳು ತುಂಡಾಗಿ ಮತ್ತೆ ಜೋಡಿಯಾಗುತ್ತವೆ, ತುಂಡುಗಳು ಚಿಕ್ಕದಾಗುತ್ತ ಹೋಗುತ್ತವೆ. ಲಕ್ಷಾಂತರ ಗುರುತುಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ತುಂಡುಗಳ ಉದ್ದ ಅಂದಾಜು ಮಾಡಿದರೆ ಎಷ್ಟು ತಲೆಮಾರು ಕಳೆದಿವೆ ಅಂತ ಲೆಕ್ಕ ಹಾಕಬಹುದು.

ಇದೇ ಜಿಲ್ಲೆಯಲ್ಲಿ ಇನ್ನೊಂದು ಕಥೆಯೂ ಇದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಕ್ಯಾಂಪ್ ಇದೆ. ಎತ್ತರದ ಜಾಗಕ್ಕೆ ಹೋದಾಗ ಆಮ್ಲಜನಕ ಸಾಲದೆ ನಮ್ಮಂಥವರ ದೇಹ ಕೆಂಪು ರಕ್ತಕಣಗಳನ್ನು ವಿಪರೀತ ಹೆಚ್ಚಿಸುತ್ತದೆ, ರಕ್ತ ದಪ್ಪವಾಗುತ್ತದೆ. ಬಹುಪಾಲು ಟಿಬೆಟನ್ನರಲ್ಲಿ ಇದಕ್ಕೆ ಕಡಿವಾಣ ಹಾಕುವ ಒಂದು ರೂಪಾಂತರ ಇಪಿಎಎಸ್1 ಎಂಬ ಜೀನಿನಲ್ಲಿದೆ ಅಂತ 2010ರಲ್ಲಿ ಗೊತ್ತಾಯಿತು. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಬಳಗದಿಂದ ಬಂದದ್ದು ಎಂದು 2014ರ ಸಂಶೋಧನೆ ತೋರಿಸಿತು. ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಹೊಂದಿಕೊಂಡ ಜೀನು ಈಗ ಸಾವಿರ ಮೀಟರೂ ಎತ್ತರವಿಲ್ಲದ ಮುಂಡಗೋಡದಲ್ಲಿ ಗೋವಿನಜೋಳದ ಹೊಲಗಳ ನಡುವೆ ಓಡಾಡಿಕೊಂಡಿದೆ!

ರಕ್ತ ಕೊಟ್ಟವರಿಗೆ ಏನು ಸಿಕ್ಕಿತು?

ಇದನ್ನೆಲ್ಲ ಗೆಳೆಯನಿಗೆ ಉತ್ಸಾಹದಿಂದ ಹೇಳಿದೆ. ಅವನು ಕೇಳಿದ್ದು ಒಂದೇ: ‘ಸರಿ ಮಾರಾಯಾ, ಇದ್ರಿಂದ ನಮ್ಮ ಊರಿನ ದವಾಖಾನೆಗೆ ಏನು ಬಂತು?’ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಹೊಳೆದದ್ದು ಸಿಕಲ್ ಸೆಲ್ ಕಾಯಿಲೆ. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿ ರಾತ್ರಿಯೆಲ್ಲ ಒದ್ದಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಮಲೇರಿಯಾ ಕಾಡಿದ ಆಫ್ರಿಕಾದಲ್ಲೂ ಭಾರತದ ಹಲವು ಬುಡಕಟ್ಟುಗಳಲ್ಲೂ ಈ ಬದಲಾವಣೆ ಉಳಿದುಕೊಂಡಿದೆ. ಒಂದೇ ಪ್ರತಿ ಇದ್ದವರಿಗೆ ಅದು ಮಲೇರಿಯಾದಿಂದ ರಕ್ಷಣೆ ಕೊಡುತ್ತದೆ. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25. ಮದುವೆಗೆ ಮುಂಚೆಯೇ ಇದು ಗೊತ್ತಿದ್ದರೆ ಎಷ್ಟು ಒಳ್ಳೆಯದಲ್ಲವೇ?

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಕರ್ನಾಟಕವೂ ಇದೆ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಲ್ಯಾಬಿನ ತಿಳಿವಳಿಕೆ ಜೋಯಿಡಾದ ಕಾಡಿನೊಳಗಿನ ಮನೆಗೆ ತಲುಪಬೇಕಾದ್ದು ಹೀಗೆ: ಬೆರಳಿನಿಂದ ಎರಡು ಹನಿ ರಕ್ತ, ಕೈಯಲ್ಲೊಂದು ಕಾರ್ಡ್, ಅವರಿಗೆ ತಿಳಿಯುವ ಮಾತಿನಲ್ಲಿ ನಾಲ್ಕು ವಿವರಣೆ. ದಾಂಡೇಲಿ, ಹಳಿಯಾಳದ ಕಡೆ ನಿಮ್ಮವರಿದ್ದರೆ, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆಯ ಬಗ್ಗೆ ವಿಚಾರಿಸಲು ಹೇಳಿ.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇಷ್ಟೇ. ಡಿಎನ್‌ಎ ಯಾವ ದಾರಿಯಲ್ಲಿ ಬಂದೆವು ಅಂತ ಹೇಳುತ್ತದೆ, ಎಲ್ಲಿಯವರು ಅಂತ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಅವರೇ. ಮುಂದಿನ ಸಲ ಯಾರಾದರೂ ‘ಹಳಿಯಾಳ’ ಅಂದರೆ ‘ಒರಿಜಿನಲಿ?’ ಅನ್ನಬೇಡಿ. ‘ಹಳಿಯಾಳದಲ್ಲಿ ಎಲ್ಲಿ?’ ಅಂತ ಕೇಳಿ.