ಕ್ರೀಡಾಂಗಣದ ತಲೆಪೆಟ್ಟು ಮತ್ತು ಸಂಘಟಿತ ಶುಶ್ರೂಷೆ

ಆಟದಿಂದ ಮಕ್ಕಳ ದೇಹವು ದೃಢವಾಗುವುದೆಂಬುದೂ ಮನಸ್ಸು ಅರಳುವುದೆಂಬುದೂ ಸರ್ವವಿದಿತ. ಆದರೆ ಆಟದಲ್ಲಿ ತಗಲುವ ಪೆಟ್ಟುಗಳೆಲ್ಲವೂ ಕಣ್ಣಿಗೆ ಕಾಣುವಂಥವಲ್ಲ. ಆಘಾತದಿಂದ ಕಪಾಲದೊಳಗೆ ಮಿದುಳು ಅಲುಗಿ, ಅದರ ವ್ಯಾಪಾರವು ಕೆಲಕಾಲ ಕೆಡುವ ಸ್ಥಿತಿಯನ್ನು ವೈದ್ಯರು ‘ಕನ್ಕಷನ್’ ಎನ್ನುತ್ತಾರೆ. ಬಹುಪಾಲು ಮಕ್ಕಳಿಗೆ ಇದರಿಂದ ಮೂರ್ಛೆ ಬರುವುದಿಲ್ಲ. ಸಾಮಾನ್ಯ ಸ್ಕ್ಯಾನ್ ಪರೀಕ್ಷೆಯಲ್ಲಿಯೂ ಇದು ಗೋಚರಿಸದು. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಸದ್ದುಗಳ ಅಸಹನೆ, ಮರೆವು, ಸಿಡುಕು, ನಿದ್ರೆಯ ಏರುಪೇರು ಇವೇ ಅದರ ಕುರುಹುಗಳು.

ಇದರ ಗಾಂಭೀರ್ಯವನ್ನು ಅಮೆರಿಕೆಗೆ ಮನಗಾಣಿಸಿದ ಪ್ರಸಂಗವೊಂದುಂಟು. 2006ರಲ್ಲಿ ವಾಷಿಂಗ್ಟನ್ ರಾಜ್ಯದ ಜಾಕರಿ ಲಿಸ್ಟೆಡ್ ಎಂಬ 13 ವರ್ಷದ ಬಾಲಕನಿಗೆ ಶಾಲಾ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದಿತು. ಸ್ವಲ್ಪ ವಿಶ್ರಮಿಸಿ ಅವನು ಅದೇ ಪಂದ್ಯದಲ್ಲಿ ಮತ್ತೆ ಆಡಿದನು, ಅನಂತರ ಕುಸಿದುಬಿದ್ದನು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಪ್ರಾಣವುಳಿದರೂ, ಮಾತು ನಡಿಗೆಗಳನ್ನು ಅವನು ಹೊಸದಾಗಿ ಕಲಿಯಬೇಕಾಯಿತು. 2009ರಲ್ಲಿ ಆ ರಾಜ್ಯವು ಅವನ ಹೆಸರಿನಲ್ಲಿಯೇ ಶಾಸನವೊಂದನ್ನು ರಚಿಸಿತು. ಶಂಕೆ ಬಂದೊಡನೆ ಬಾಲಕನನ್ನು ಆಟದಿಂದ ಹೊರಗಿಡಬೇಕು. ಅರ್ಹ ವೈದ್ಯಕೀಯ ತಜ್ಞರ ಲಿಖಿತ ಅನುಮತಿಯಿಲ್ಲದೆ ಮರಳಿ ಸೇರಿಸಬಾರದು. ಪಾಲಕರಿಗೂ ಆಟಗಾರರಿಗೂ ಪ್ರತಿವರ್ಷ ಈ ಅಪಾಯವನ್ನು ತಿಳಿಸಬೇಕು ಎಂಬುದೇ ಅದರ ಸಾರ. 2014ರ ವೇಳೆಗೆ ಅಲ್ಲಿನ 50 ರಾಜ್ಯಗಳೂ ಇಂತಹ ಶಾಸನಗಳನ್ನು ಅಂಗೀಕರಿಸಿದ್ದವು.

ಶಾಸನವು ಬಾಲಕನನ್ನು ಆಟದಿಂದ ತಡೆಯಬಲ್ಲದು. ಗುಣಪಡಿಸುವ ಹೊಣೆ ಬೇರೆಯವರದು. ಅದು ಒಬ್ಬರಿಂದ ಸಾಧ್ಯವಾಗುವ ಕಾರ್ಯವೂ ಅಲ್ಲ. ಬಿದ್ದ ಪೆಟ್ಟನ್ನು ಕಂಡವನು ತರಬೇತುದಾರ. ರಾತ್ರಿಯ ನಿದ್ರಾಭಂಗವನ್ನು ಬಲ್ಲವಳು ತಾಯಿ. ಪಾಠದಲ್ಲಿ ಗಮನ ನಿಲ್ಲದಿರುವುದನ್ನು ಗುರುತಿಸುವವರು ಉಪಾಧ್ಯಾಯರು. ಇವರೆಲ್ಲರ ಮಾತು ವೈದ್ಯರಿಗೆ ತಲುಪಿದರೆ ಮಾತ್ರ ನಿರ್ಣಯ ಸರಿಯಾದೀತು. ಕತ್ತುನೋವು ಸಮತೋಲಗಳ ತೊಂದರೆಗೆ ಫಿಸಿಯೋಥೆರಪಿ ಬಲ್ಲವರೂ, ನೆನಪು ಮನೋಭಾವಗಳ ತೊಂದರೆಗೆ ಮನೋವಿಜ್ಞಾನಿಗಳೂ ಈ ಕೂಟದಲ್ಲಿ ಸೇರುತ್ತಾರೆ.

ಕತ್ತಲೆಯ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು ತಜ್ಞರು ಈಗ ಕೈಬಿಟ್ಟಿದ್ದಾರೆ. 2022ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಅಭಿಮತದಂತೆ, ಮೊದಲ 24ರಿಂದ 48 ಗಂಟೆ ಮಿತವಾದ ವಿಶ್ರಾಂತಿ ಸಾಕು; ಬಳಿಕ ಲಘುವಾದ ನಡಿಗೆ ಹಿತಕರ. ಕ್ರೀಡೆಗೆ ಮರಳಲು 6 ಮೆಟ್ಟಿಲುಗಳು, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಪಾಠಕ್ಕೆ ಪೂರ್ಣವಾಗಿ ಮರಳದವನು ಪಂದ್ಯಕ್ಕೆ ಮರಳಕೂಡದು. ಬಹುಪಾಲು ಮಕ್ಕಳು ಸುಮಾರು 4 ವಾರಗಳಲ್ಲಿ ಗುಣಹೊಂದುತ್ತಾರೆ. ಆದರೆ ಪದೇಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಸೆಳವು, ಎಚ್ಚರಗೊಳಿಸಲಾಗದ ಮಂಪರು ಕಂಡುಬಂದರೆ ತಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಈ ಕಾರ್ಯದಲ್ಲಿ ಶಾಲೆಯ ಪಾತ್ರ ಹಿರಿದು. ಪೆಟ್ಟು ತಿಂದ ಹುಡುಗನ ಮಂಕುತನವನ್ನು ಸೋಮಾರಿತನವೆಂದು ಬಗೆದು ದಂಡಿಸುವುದು ಅನ್ಯಾಯ. ತಂಡದಿಂದ ಹೊರಬಿದ್ದೇನೆಂಬ ಅಂಜಿಕೆಯಿಂದ ನೋವನ್ನು ಮರೆಮಾಚುವ ಮಕ್ಕಳೂ ಉಂಟು. ಅಂಥವರಿಗೆ ಅರ್ಧದಿನದ ಪಾಠ, ನಡುನಡುವೆ ವಿರಾಮ, ಪರೀಕ್ಷೆಯ ಮುಂದೂಡಿಕೆ ಇಷ್ಟನ್ನು ಒದಗಿಸಿದರೆ ಅದೇ ಔಷಧ. ಇದಕ್ಕೆ ಬೆಲೆಬಾಳುವ ಯಂತ್ರಗಳು ಬೇಕಿಲ್ಲ; ಮನೆ, ಶಾಲೆ, ವೈದ್ಯಾಲಯಗಳ ನಡುವೆ ಮಾತುಕತೆ ಬೇಕು. ಕಬಡ್ಡಿಯ ಅಂಕಣದಲ್ಲಾಗಲಿ, ಕ್ರಿಕೆಟ್ಟಿನ ಬಯಲಿನಲ್ಲಾಗಲಿ, ಸಂದೇಹ ಬಂದ ದಿನ ಆ ಮಗುವಿಗೆ ಮತ್ತೆ ಆಟವಿಲ್ಲವೆಂಬ ನಿಯಮವನ್ನು ಪ್ರತಿಯೊಂದು ಶಾಲೆಯೂ ಇಂದೇ ಕೈಗೊಳ್ಳಬಹುದು.