ಸೀಲಿಂಗಿನೊಳಗಿನ ದೀಪ: ಬಿಸಿಗೂ ದಾರಿ ಬೇಕು

ಸೀಲಿಂಗಿನಲ್ಲಿ ದುಂಡನೆಯ ರಂಧ್ರ ಕೊರೆದು ಅದರೊಳಗೆ ದೀಪ ಹುದುಗಿಸುವುದು ಪಟ್ಟಣಗಳಿಗೆ ಮಾತ್ರ ಸೀಮಿತವಾದ ಅಲಂಕಾರವಲ್ಲ. ಹುಕ್ಕೇರಿ ತಾಲೂಕಿನ ನಿಡಸೋಸಿಯಂಥ ಊರಿನಲ್ಲಿ ಹೊಸ ಮನೆ ಕಟ್ಟುವವರೂ, ಹಳೆಯ ಪಡಸಾಲೆಗೆ ಫಾಲ್ಸ್ ಸೀಲಿಂಗ್ ಹಾಕಿಸುವವರೂ ಇದನ್ನು ಬಯಸಬಹುದು. ಈ ದೀಪದ ಬೆಳಕು ಕೆಳಗೆ ನಿಮ್ಮತ್ತ ಬರುತ್ತದೆ. ಅದರ ಬಿಸಿ ಮಾತ್ರ ನಿಮಗೆ ಕಾಣದ ಮೇಲ್ಭಾಗಕ್ಕೆ ಹೋಗುತ್ತದೆ. ಅಲ್ಲಿ ಏನಿದೆ ಎಂಬುದೇ ಸುರಕ್ಷತೆಯ ಮುಖ್ಯ ಪ್ರಶ್ನೆ.

ಎಲ್‌ಇಡಿಯೂ ಬಿಸಿಯಾಗುತ್ತದೆ

ಹಳೆಯ ತಂತಿ ಬಲ್ಬು ತಾನು ಪಡೆದ ವಿದ್ಯುತ್ತಿನಲ್ಲಿ ಶೇಕಡಾ 90ರಷ್ಟನ್ನು ಉಷ್ಣವಾಗಿಯೇ ಹೊರಹಾಕುತ್ತದೆ. ಹ್ಯಾಲೋಜನ್ ದೀಪದ ಗಾಜು 250 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. 50 ವ್ಯಾಟಿನ ಎಂಟು ಹ್ಯಾಲೋಜನ್ ದೀಪಗಳೆಂದರೆ 400 ವ್ಯಾಟ್. 7 ವ್ಯಾಟಿನ ಎಂಟು ಎಲ್‌ಇಡಿ ದೀಪಗಳೆಂದರೆ 56 ವ್ಯಾಟ್. ಹೀಗಾಗಿ ಎಲ್‌ಇಡಿಯೇ ಮೇಲು. ಆದರೆ ಅದು ಬಿಸಿಯಾಗುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಅದರ ಬಿಸಿ ಹಿಂಬದಿಯ ಲೋಹದ ಭಾಗದಿಂದ ಗಾಳಿಗೆ ಸೇರಬೇಕು. ಜೊತೆಗಿರುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಯೂ ಕಾಯುತ್ತದೆ. ಮೇಲೆ ಗಾಳಿಯಾಡದಿದ್ದರೆ ಬಿಸಿ ಅಲ್ಲೇ ಕೂಡಿಕೊಳ್ಳುತ್ತದೆ.

ಒಣ ಕಟ್ಟಿಗೆ ಸಾಮಾನ್ಯವಾಗಿ 250 ಡಿಗ್ರಿಗೂ ಮೇಲೆ ಕಾದಾಗ ಹೊತ್ತಿಕೊಳ್ಳುತ್ತದೆ. ಆದರೆ ಅದಕ್ಕಿಂತ ಬಹಳ ಕಡಿಮೆ ಬಿಸಿ ವರ್ಷಗಟ್ಟಲೆ ತಗಲಿದರೂ ಕಟ್ಟಿಗೆ ನಿಧಾನವಾಗಿ ಕರಕಲಾಗಿ, ಮುಂದೆ ಸುಲಭವಾಗಿ ಹೊತ್ತುವ ಸ್ಥಿತಿಗೆ ಬರುತ್ತದೆ. ಆದ್ದರಿಂದ "ಇಷ್ಟು ವರ್ಷ ಏನೂ ಆಗಿಲ್ಲ" ಎಂದು ಧೈರ್ಯ ತಾಳುವಂತಿಲ್ಲ.

ಮೊದಲು ಮೇಲೆ ಹತ್ತಿ ನೋಡಿ

ಜಿಪ್ಸಮ್ ಹಲಗೆ ಸುಲಭವಾಗಿ ಉರಿಯದು. ಆದರೆ ಅದರ ಮೇಲಿರುವ ಕಟ್ಟಿಗೆಯ ಚೌಕಟ್ಟು, ಹಳೆಯ ಜಂತಿ, ಪ್ಲೈವುಡ್ ಉರಿಯುತ್ತವೆ. ಅಟ್ಟದ ಮೇಲೆ ಗೋಣಿಚೀಲ, ಹಳೆಯ ಕಾಗದ, ಒಣಮೇವು ಇರಬಹುದು. ಕಬ್ಬಿನ ಸೀಮೆಯಲ್ಲಿ ಇಲಿಗಳು ರವದಿ, ಅರಿವೆಯ ಚಿಂದಿ ತಂದು ಬೆಚ್ಚಗಿನ ಜಾಗದಲ್ಲಿ ಗೂಡು ಕಟ್ಟಬಹುದು. ತಗಡಿನ ಮಾಡಿನ ಕೆಳಗಂತೂ ಬೇಸಿಗೆಯಲ್ಲಿ ದೀಪ ಹಚ್ಚುವ ಮೊದಲೇ ಗಾಳಿ ಕಾದಿರುತ್ತದೆ.

ಸೆಕೆ ತಡೆಯಲು ಹಾಕುವ ಥರ್ಮಾಕೋಲ್ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಅದು ಸುಮಾರು 100 ಡಿಗ್ರಿಯೊಳಗೇ ಮೆತ್ತಗಾಗುತ್ತದೆ, ಬೆಂಕಿ ತಗಲಿದರೆ ಉರಿಯುತ್ತದೆ. ಪಿವಿಸಿ ವೈರಿಗೆ ತಾಗಿಕೊಂಡಿದ್ದರೆ ಅದರ ಹೊದಿಕೆಯ ಮೆದುತನವನ್ನೂ ಕ್ರಮೇಣ ಹೀರಿ, ಹೊದಿಕೆ ಬಿರುಕು ಬಿಡುವಂತೆ ಮಾಡುತ್ತದೆ.

ಎಂಸಿಬಿ ಇದ್ದರೆ ಸಾಲದೆ?

ಸಾಲದು. ಎಂಸಿಬಿ ಗಮನಿಸುವುದು ವಿದ್ಯುತ್ ಪ್ರವಾಹವನ್ನೇ ಹೊರತು ದೀಪದ ಬಿಸಿಯನ್ನಲ್ಲ. ರವದಿಯಲ್ಲಿ ಹೂತ ದೀಪ ಎಷ್ಟು ಕಾದರೂ ಅದು ಎಳೆಯುವ ವಿದ್ಯುತ್ ಹೆಚ್ಚುವುದಿಲ್ಲ. ಸಡಿಲವಾದ ಜೋಡಣೆ ಕಾದಾಗಲೂ ಹೀಗೆಯೇ. ಎಂಸಿಬಿ, ಆರ್‌ಸಿಸಿಬಿ ಎರಡೂ ಮನೆಗೆ ಬೇಕೇಬೇಕು. ಆದರೆ ಈ ಅಪಾಯಕ್ಕೆ ಅಂತರವೇ ಮದ್ದು.

ಅಳವಡಿಸುವಾಗ

1. ಕೊರೆಯುವ ಮುನ್ನ ಮೇನ್ ಸ್ವಿಚ್ ಆರಿಸಿ. ಜಂತಿ, ವೈರು ಇರುವ ಜಾಗಗಳನ್ನು ಗುರುತು ಮಾಡಿಕೊಳ್ಳಿ.

2. ದೀಪದ ಡಬ್ಬಿಯ ಮೇಲಿನ ಸೂಚನೆ ಓದಿ. ಹೊದಿಕೆಯಡಿ ಇರುವ ದೀಪದ ಚಿತ್ರದ ಮೇಲೆ ಕಾಟು ಹಾಕಿದ್ದರೆ, ಶಾಖನಿರೋಧಕ ಹೊದಿಕೆಯಿಂದ ಅದನ್ನು ಮುಚ್ಚಕೂಡದೆಂದು ಅರ್ಥ. ಭಾರತೀಯ ಮಾನಕ ಐಎಸ್ 10322ರಲ್ಲಿ ಹುದುಗಿಸುವ ದೀಪಗಳಿಗೆಂದೇ ಒಂದು ವಿಭಾಗವಿದೆ.

3. ತಯಾರಕರು ಹೇಳಿದ ಅಂತರ ಬಿಡಿ. ಅಮೆರಿಕದ ವಿದ್ಯುತ್ ನಿಯಮದಂತೆ, ಮುಚ್ಚಬಾರದ ದೀಪಕ್ಕೂ ಉರಿಯುವ ವಸ್ತುವಿಗೂ ನಡುವೆ ಕನಿಷ್ಠ ಅರ್ಧ ಇಂಚು, ಶಾಖನಿರೋಧಕ ಹೊದಿಕೆಗೂ ದೀಪಕ್ಕೂ ನಡುವೆ ಕನಿಷ್ಠ 3 ಇಂಚು ಜಾಗವಿರಬೇಕು. ತಯಾರಕರು ಹೆಚ್ಚು ಕೇಳಿದ್ದರೆ ಹೆಚ್ಚೇ ಬಿಡಿ.

4. ವೈರಿನ ಜೋಡಣೆಗಳೆಲ್ಲ ಮುಚ್ಚಳವಿರುವ ಪೆಟ್ಟಿಗೆಯೊಳಗಿರಲಿ. ಬರೀ ಟೇಪ್ ಸುತ್ತಿ ಬಿಡಬೇಡಿ. ಸಾಮಾನ್ಯ ಪಿವಿಸಿ ವೈರು ತಡೆಯುವುದು 70 ಡಿಗ್ರಿ ಮಾತ್ರ. ಅದು ದೀಪದ ಬೆನ್ನಿಗೆ ತಾಗದಿರಲಿ. ಡ್ರೈವರನ್ನು ಥರ್ಮಾಕೋಲ್ ಅಥವಾ ಗೋಣಿಯ ಮೇಲೆ ಇಡಬೇಡಿ.

5. ಸೂಚಿಸಿದ್ದಕ್ಕಿಂತ ಹೆಚ್ಚು ವ್ಯಾಟಿನ ಬಲ್ಬು ಹಾಕಬೇಡಿ.

ದೀಪದ ಸುತ್ತ ಕಂದು ಬಣ್ಣದ ಉಂಗುರ, ಸುಟ್ಟ ವಾಸನೆ, ತಾನಾಗಿಯೇ ಆರಿ ಹತ್ತುವ ದೀಪ: ಇವು ಎಚ್ಚರಿಕೆಯ ಸೂಚನೆಗಳು. ಕೂಡಲೇ ಆರಿಸಿ, ಪರವಾನಗಿ ಇರುವ ವೈರ್‌ಮನ್‌ರನ್ನು ಕರೆಸಿ. ಬೆಂಕಿ ಕಂಡರೆ ಸಾಧ್ಯವಾದರೆ ಮೇನ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ತಿಳಿಸಿ. ವಿದ್ಯುತ್ ಹರಿಯುತ್ತಿರುವಾಗ ನೀರು ಎರಚಬಾರದು.

ಹುಕ್ಕೇರಿ ತಾಲೂಕಿನವರು 1969ರಲ್ಲಿ ಸ್ಥಾಪನೆಯಾದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಿಂದ ವಿದ್ಯುತ್ ಪಡೆದವರು. ಆದರೆ ಸರಬರಾಜು ಯಾರದೇ ಇರಲಿ, ಮೀಟರಿನಿಂದ ಒಳಗಿನ ವೈರಿಂಗಿನ ಹೊಣೆ ಮನೆಯವರದೇ. ವರ್ಷಕ್ಕೊಮ್ಮೆ ದೀಪ ಆರಿಸಿ, ಟಾರ್ಚ್ ಹಿಡಿದು ಸೀಲಿಂಗಿನ ಮೇಲ್ಭಾಗವನ್ನು ನೋಡಿ. ಅಲ್ಲಿ ಕಸ ಸೇರಿದ್ದರೆ ತೆಗೆಯಿರಿ. ಹಬ್ಬದ ಮುಂಚಿನ ಸಾರಣೆ-ಕಾರಣೆಯಲ್ಲಿ ಈ ಕೆಲಸವೂ ಸೇರಿಕೊಳ್ಳಲಿ.