ಟಿವಿಯ ಹಳೇ ಚಾಳಿ

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೂ ಗೋಡೆಯ ಮೇಲಿನ ದೊಡ್ಡ ಟಿವಿಗೂ ನಡುವೆ ಒಂದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ. ತಕರಾರು ಶುರುವಾಗುವುದು ಬಂದ ಮೇಲೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣಿಸುವುದಿಲ್ಲ, ಸ್ಟಾರ್ಟ್ ಬಟನ್ ಅಂಚಿನಾಚೆ ಎಲ್ಲೋ ಅಡಗಿರುತ್ತದೆ. ಅಕ್ಷರಗಳ ಸುತ್ತ ಬಿಳಿ ಗೆರೆ. ಕಪ್ಪೆಲ್ಲ ಬೂದು. ಮೌಸ್ ಸರಿಸಿದರೆ ಬಾಣ ಒಂದು ಕ್ಷಣ ಯೋಚನೆ ಮಾಡಿ ಹೊರಡುತ್ತದೆ. ಆಗ ಹೆಚ್ಚಿನವರು ಬೈಯುವುದು ಕೇಬಲ್ಲನ್ನು. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಹೋಗಿ ಚಿನ್ನದ ಲೇಪದ ಇನ್ನೊಂದನ್ನು ತರುತ್ತಾರೆ. ಅದನ್ನು ಹಾಕಿದರೂ ಸ್ಟಾರ್ಟ್ ಬಟನ್ ಅಡಗಿದಲ್ಲೇ ಇರುತ್ತದೆ. ಏಕೆಂದರೆ ಇದು ಟಿವಿಯ ಕೆಲಸ. ಬರುವುದೆಲ್ಲ ಟಿವಿ ಕಾರ್ಯಕ್ರಮವೇ ಎಂದು ಅದು ನಂಬಿಕೊಂಡಿದೆ. ಬಂದದ್ದನ್ನು ತಿದ್ದಿ ತೀಡಿ ತೋರಿಸಬೇಕು ಎಂದೂ ನಂಬಿದೆ.

ಅಂಚು ಕತ್ತರಿಸುವ ಚಾಳಿ ಎಲ್ಲಕ್ಕಿಂತ ಹಳೆಯದು. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ವೋಲ್ಟೇಜ್ ಏರಿಳಿದರೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು, ಸೆಟ್ ಹಳೆಯದಾದಂತೆ ಅಂಚು ಸೊಟ್ಟಗಾಗುತ್ತಿತ್ತು. ಅದು ಕಾಣದಿರಲೆಂದು ತಯಾರಕರು ಚಿತ್ರವನ್ನೇ ಪರದೆಗಿಂತ ತುಸು ದೊಡ್ಡದಾಗಿ ಬೀಳಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಟ್ಟರು. ಇದನ್ನು ಇಂಗ್ಲಿಷಿನವರು ಓವರ್‌ಸ್ಕ್ಯಾನ್ ಎಂದರು. ಚಾನೆಲ್‌ಗಳೂ ಹೆಸರು, ಶೀರ್ಷಿಕೆಗಳನ್ನು ಅಂಚಿನಿಂದ ದೂರವಿಟ್ಟು ಹೊಂದಿಕೊಂಡವು. ಈಗಿನ ಫುಲ್ ಎಚ್‌ಡಿ ಚಪ್ಪಟೆ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳು ಅಲುಗಾಡದೆ ಕೂತಿವೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ಎಷ್ಟೋ ಟಿವಿಗಳು ಕತ್ತರಿ ಹಾಕುವುದನ್ನು ಬಿಟ್ಟಿಲ್ಲ. ಶೇ 5ರಷ್ಟು ಕತ್ತರಿಸಿದರೆ ಮೇಲೆ ಕೆಳಗೆ ತಲಾ 27 ಸಾಲು ಹೋದವು. ವಿಂಡೋಸ್ 10ರ ಟಾಸ್ಕ್‌ಬಾರ್ ಎತ್ತರವೇ 40 ಸಾಲು. ಉಳಿದ ಭಾಗವನ್ನು ಪರದೆ ತುಂಬ ಎಳೆಯುವುದರಿಂದ ಅಕ್ಷರವೆಲ್ಲ ಮಸುಕು.

ಇದಕ್ಕೆ ಮದ್ದು ಟಿವಿಯ ಮೆನುವಿನಲ್ಲೇ ಇದೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಒಬ್ಬೊಬ್ಬರದು ಒಂದೊಂದು ಹೆಸರು. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ಎಂಬಲ್ಲಿ ಹುಡುಕಬೇಕು. ಎನ್‌ವಿಡಿಯಾ, ಎಎಂಡಿ ಡ್ರೈವರ್‌ಗಳಲ್ಲೂ ಚಿತ್ರವನ್ನು ಕುಗ್ಗಿಸಿ ಅಂಚು ಕಾಣುವಂತೆ ಮಾಡುವ ಸೌಲಭ್ಯವಿದೆ. ಆದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಾರ್ಡ್ ಕುಗ್ಗಿಸುತ್ತದೆ, ಟಿವಿ ಮತ್ತೆ ಹಿಗ್ಗಿಸುತ್ತದೆ, ನಡುವೆ ಅಕ್ಷರ ಎರಡು ಸಲ ಕೆಡುತ್ತದೆ. ಟಿವಿಯ ಮೆನುವಿನಲ್ಲಿ ಏನೇನೂ ಸಿಗದಿದ್ದಾಗ ಮಾತ್ರ ಅದರ ಮೊರೆ ಹೋಗಬಹುದು.

ತಂತಿಯ ವಿಷಯ ಅಷ್ಟು ಜಟಿಲವಲ್ಲ. 1987ರಲ್ಲಿ ಐಬಿಎಂ ತಂದ ನೀಲಿ ತಲೆಯ, 15 ಪಿನ್ನಿನ ವಿಜಿಎ ಈಗ ಹೆಚ್ಚಾಗಿ ಹಳೆಯ ಪ್ರೊಜೆಕ್ಟರ್ ಇಟ್ಟುಕೊಂಡ ಶಾಲೆ ಕಚೇರಿಗಳಲ್ಲಿ ಉಳಿದಿದೆ. 1999ರ ಡಿವಿಐ, 2002ರ ಕೊನೆಯಲ್ಲಿ ಹಿಟಾಚಿ, ಸೋನಿ, ಫಿಲಿಪ್ಸ್, ತೋಶಿಬಾ ಮುಂತಾದವರು ಸೇರಿ ರೂಪಿಸಿದ ಎಚ್‌ಡಿಎಂಐ, ಎರಡರಲ್ಲೂ ಚಿತ್ರ ಕಳಿಸುವ ಬಗೆ ಒಂದೇ. ಹಾಗಾಗಿ ಹಳೆಯ ಕಾರ್ಡಿನ ಡಿವಿಐಗೆ ಅಗ್ಗದ ಅಡಾಪ್ಟರ್ ಸಾಕು, ಧ್ವನಿಗೆ ಮಾತ್ರ ಬೇರೆ ದಾರಿ ನೋಡಿಕೊಳ್ಳಬೇಕಾದೀತು. ಹೊಸ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. ಮನೆಯ ಟಿವಿಯಲ್ಲಿ ಡಿಸ್‌ಪ್ಲೇಪೋರ್ಟ್ ಹುಡುಕಿ ಪ್ರಯೋಜನವಿಲ್ಲ, ಆ ಒಂದೇ ಎಚ್‌ಡಿಎಂಐ ಟಿವಿಗೆ ಮೀಸಲಿಡಿ.

ಇನ್ನೊಂದು ಎಡವಟ್ಟು ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಆಗುತ್ತದೆ. ಮೇಲುಗಡೆ ಯುಎಸ್‌ಬಿ, ನೆಟ್‌ವರ್ಕ್ ತೂತುಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಗ್ರಾಫಿಕ್ಸ್ ಕಾರ್ಡಿನದು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ, ಬೇರೆ ಪಟ್ಟಿಯಲ್ಲಿ ಇರುತ್ತದೆ. ಕೈಗೆ ಮೊದಲು ಸಿಕ್ಕ ಮೇಲಿನದಕ್ಕೆ ಸಿಕ್ಕಿಸಿದರೆ, ಇಂಟೆಲ್‌ನ ಎಫ್ ಹೆಸರಿನ ಪ್ರೊಸೆಸರುಗಳಲ್ಲಿ ಸ್ವಂತ ಗ್ರಾಫಿಕ್ಸ್ ಇಲ್ಲದ ಕಾರಣ ಟಿವಿಯಲ್ಲಿ ‘ನೋ ಸಿಗ್ನಲ್’. ಸ್ವಂತ ಗ್ರಾಫಿಕ್ಸ್ ಇರುವವುಗಳಲ್ಲಿ ಚಿತ್ರ ಬರಬಹುದು, ಆದರೆ ಆಟ ಕುಂಟುತ್ತದೆ. ದುಡ್ಡು ಸುರಿದು ತಂದ ಕಾರ್ಡ್ ಕೆಳಗೆ ಫ್ಯಾನ್ ತಿರುಗಿಸಿಕೊಂಡು ಕೂತಿರುತ್ತದೆ.

ಕೇಬಲ್ ಸರಿಯಾದ ತೂತಿಗೆ ಕೂತ ಮೇಲೆ ಕಾರ್ಡ್ ಮೊದಲು ಟಿವಿಯ ಜಾತಕ ಓದುತ್ತದೆ. 19 ಪಿನ್ನುಗಳಲ್ಲಿ ಒಂದರ ಮೂಲಕ ಅದು 5 ವೋಲ್ಟ್ ಕಳಿಸುತ್ತದೆ. ಟಿವಿ ಇನ್ನೊಂದರ ಮೂಲಕ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಇಡಿಐಡಿ ಎಂಬ 128 ಬೈಟುಗಳ ಪಟ್ಟಿ, ಅದರ ಅನುಬಂಧದ ಸಮೇತ, ಬರುತ್ತದೆ. ಯಾವ ಕಂಪನಿ, ಯಾವ ಅಳತೆ, ಸೆಕೆಂಡಿಗೆ ಎಷ್ಟು ಚಿತ್ರ, ಎಂಥ ಧ್ವನಿ ಎಲ್ಲ ಅದರಲ್ಲಿದೆ. ನಡುವೆ ಹಳೆಯ ಆಂಪ್ಲಿಫೈಯರ್ ಅಥವಾ ಸ್ಪ್ಲಿಟರ್ ಇದ್ದರೆ ಅದು ತನ್ನದೇ ಜಾತಕ ಕೊಟ್ಟುಬಿಡುವುದುಂಟು. ಆಗ 4ಕೆ ಟಿವಿಗೆ 1080 ಚಿತ್ರವೇ ಗತಿ.

4ಕೆ ಎಂದಾಗ ಒಂದು ಲೆಕ್ಕ ಹೇಳಬೇಕು. 1080 ಚಿತ್ರದ ಸುತ್ತ ಕಣ್ಣಿಗೆ ಕಾಣದ ಖಾಲಿ ಅಂಚೂ ತಂತಿಯಲ್ಲಿ ಸಾಗುತ್ತದೆ, ಸೇರಿಸಿದರೆ 2200 x 1125. ಸೆಕೆಂಡಿಗೆ 60 ಸಲವೆಂದರೆ 14.85 ಕೋಟಿ ಪಿಕ್ಸೆಲ್. 4ಕೆಗೆ ಇದರ ನಾಲ್ಕು ಪಟ್ಟು, 59.4 ಕೋಟಿ. 2009ರ ಎಚ್‌ಡಿಎಂಐ 1.4ರ ಮಿತಿ 34 ಕೋಟಿ. ಆ ಕಾಲದ ಕಾರ್ಡುಗಳಲ್ಲಿ 4ಕೆ ಸೆಕೆಂಡಿಗೆ 30 ಚಿತ್ರಕ್ಕೇ ನಿಲ್ಲುವುದು, ಮೌಸ್ ಜಿಗಿಜಿಗಿದು ಓಡುವುದು ಇದಕ್ಕೇ. 2013ರ 2.0 ಬಂದ ಮೇಲೆ 60 ಸಾಧ್ಯವಾಯಿತು. 2017ರ 2.1 ಅದನ್ನು 120ಕ್ಕೆ ಏರಿಸಿತು. ಎನ್‌ವಿಡಿಯಾದಲ್ಲಿ ಈ ಸೌಲಭ್ಯ ಬಂದದ್ದು 2020ರ ಆರ್‌ಟಿಎಕ್ಸ್ 30 ಸರಣಿಯಿಂದ. ಕಾರ್ಡಿಗೆ ತಾಕತ್ತಿದ್ದರೂ ಟಿವಿಯ ಎಲ್ಲ ಪೋರ್ಟುಗಳಿಗೂ ಇರಬೇಕೆಂದಿಲ್ಲ. ಇದ್ದ ಪೋರ್ಟನ್ನೂ ಕಂಪನಿಯವರು ಮೆನುವಿನಲ್ಲಿ ಆಫ್ ಮಾಡಿಟ್ಟಿರುತ್ತಾರೆ. ‘ಇನ್‌ಪುಟ್ ಸಿಗ್ನಲ್ ಪ್ಲಸ್’, ‘ಡೀಪ್ ಕಲರ್’, ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’ ಎಂಬ ಹೆಸರುಗಳು ಕಂಡರೆ ಆನ್ ಮಾಡಿ. ಕೇಬಲ್ ಕೊಳ್ಳುವಾಗ ಚಿನ್ನದ ಲೇಪ ನೋಡುವ ಬದಲು ಡಬ್ಬದ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಅಥವಾ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಸ್ಕ್ಯಾನ್ ಮಾಡಬಲ್ಲ ಚೀಟಿ ಇದೆಯೇ ನೋಡಿ.

ನನ್ನ ಮಟ್ಟಿಗೆ ಟಿವಿಯ ಅತಿ ಕುತೂಹಲದ ಚಾಳಿ ಬಣ್ಣದ್ದು. ಟಿವಿ ಪ್ರಸಾರದಲ್ಲಿ ಪ್ರತಿ ಪಿಕ್ಸೆಲ್ಲಿಗೂ ಬೆಳಕಿನ ಪ್ರಮಾಣ ಬೇರೆ ಬೇರೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದು. ಮುಖ, ಮೈದಾನ, ಸಮುದ್ರ ನೋಡುವಾಗ ಕಣ್ಣಿಗೆ ಇದು ತಿಳಿಯುವುದೇ ಇಲ್ಲ, ಉಳಿತಾಯ ಮಾತ್ರ ಅಪಾರ. ಆದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದು ಹತ್ತಿರದಿಂದ ನೋಡಿ. ಅಂಚೆಲ್ಲ ನೇರಳೆಯಾಗಿ ಹರಡಿರುತ್ತದೆ, ಕನ್ನಡದ ಒತ್ತಕ್ಷರ ಒಂದರೊಳಗೊಂದು ಕಲೆಸಿಹೋಗಿರುತ್ತದೆ. ಕಾರ್ಡ್ ಪೂರ್ಣ ಬಣ್ಣ ಕಳಿಸಿದರೂ ಅನೇಕ ಟಿವಿಗಳು ಒಳಗೆ ಅದನ್ನು ಹೀಗೆ ತೆಳುಮಾಡುತ್ತವೆ. ಸ್ಯಾಮ್‌ಸಂಗ್, ಎಲ್‌ಜಿಗಳಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಹೆಸರನ್ನೋ ಚಿಹ್ನೆಯನ್ನೋ ‘ಪಿಸಿ’ ಎಂದು ಬದಲಿಸಿದರೆ ಸಾಕು, ಅಕ್ಷರ ನಿಂತಲ್ಲೇ ಚೊಕ್ಕಟವಾಗುತ್ತದೆ. ಬರೀ ಗುರುತಿಗಾಗಿ ಇಟ್ಟ ಹೆಸರು ಎಂದುಕೊಂಡು ಅದನ್ನು ಮುಟ್ಟದೆ ಬಿಟ್ಟವರೇ ಹೆಚ್ಚು. ತಯಾರಕರು ಇದನ್ನು ಇಷ್ಟು ಗುಟ್ಟಾಗಿ ಇಟ್ಟದ್ದೇಕೋ!

ಕಪ್ಪು ಬೂದಾಗುವುದಕ್ಕೂ ಕಾರಣ ಇಂಥದ್ದೇ. ಟಿವಿಯ ಲೆಕ್ಕದಲ್ಲಿ ಕಪ್ಪೆಂದರೆ 16, ಬಿಳಿಯೆಂದರೆ 235. ಕಂಪ್ಯೂಟರಿನಲ್ಲಿ 0 ಮತ್ತು 255. ಕಾರ್ಡ್ 16ರಿಂದ ಕಳಿಸಿ ಟಿವಿ 0ಯಿಂದ ಎಣಿಸಿದರೆ ಬೂದು, ತಿರುಗಾಮುರುಗಾ ಆದರೆ ಕತ್ತಲ ದೃಶ್ಯವೆಲ್ಲ ಮಸಿ. ಎರಡೂ ಕಡೆ ‘ಫುಲ್’ ಅಥವಾ ಎರಡೂ ಕಡೆ ‘ಲಿಮಿಟೆಡ್’ ಇರಲಿ, ಒಂದೇ ಇದ್ದರಾಯಿತು. ಮೌಸ್ ತಡವಾಗುವುದು ಟಿವಿಯ ಚಿತ್ರ ತಿದ್ದುವ ಯಂತ್ರದಿಂದ, ‘ಗೇಮ್ ಮೋಡ್’ ಹಾಕಿದರೆ ಬಹುಪಾಲು ಹೋಗುತ್ತದೆ. ಧ್ವನಿ ಬಾರದಿದ್ದರೆ ವಿಂಡೋಸ್‌ನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿ.

ಮಾರುಕಟ್ಟೆಯಲ್ಲಿ ಈಗಲೂ ಸಿಗುವ 32 ಇಂಚಿನ ‘ಎಚ್‌ಡಿ ರೆಡಿ’ ಟಿವಿಗಳ ಕಥೆ ಬೇರೆ. ಅವುಗಳಲ್ಲಿರುವುದು 1366 x 768 ಪಿಕ್ಸೆಲ್ ಮಾತ್ರ. 1080 ಸಿಗ್ನಲ್ ಒಪ್ಪಿಕೊಂಡರೂ ಒಳಗೆ ಹಿಂಡಿ ತೋರಿಸುತ್ತವೆ. ಸಿನಿಮಾಕ್ಕೆ ಪರವಾಗಿಲ್ಲ. ಎಕ್ಸೆಲ್ ಶೀಟಿಗೆ ಬೇಡ, ಕಣ್ಣಿಗೆ ಶಿಕ್ಷೆ.

ಕೊನೆಯದು ನಮ್ಮ ಮನೆಗಳ ವೈರಿಂಗಿಗೆ ಸಂಬಂಧಿಸಿದ್ದು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ಗೆ ಮೂರು ಪಿನ್ನಿನ ಪ್ಲಗ್ ಇರುತ್ತದೆ. ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ಅಥವಾ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ, ಒಳಗಿನ ಫಿಲ್ಟರಿನ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್ಟಿನ ಮೈಗೆ 230ರ ಅರ್ಧದಷ್ಟು ವೋಲ್ಟೇಜ್ ಬರುತ್ತದೆ. ಕರೆಂಟ್ ತೀರಾ ಕಡಿಮೆ, ಬರಿಗಾಲಲ್ಲಿ ನಿಂತು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಅಷ್ಟೆ. ಆದರೆ ಟಿವಿಗೆ ಕೇಬಲ್ ಆಪರೇಟರನ ಅಥವಾ ಡಿಶ್‌ನ ತಂತಿ ಜೋಡಿಸಿದ್ದು ಅದರ ಹೊರಕವಚ ಎಲ್ಲೋ ನೆಲಕ್ಕೆ ಮುಟ್ಟಿದ್ದರೆ, ಎಚ್‌ಡಿಎಂಐ ತಲೆ ಪೋರ್ಟಿಗೆ ತಾಗಿದ ಕ್ಷಣ ಆ ವೋಲ್ಟೇಜೆಲ್ಲ ಅಲ್ಲೇ ಇಳಿಯಲು ನೋಡುತ್ತದೆ. ಪೋರ್ಟ್ ಸುಡುವುದಕ್ಕೆ ಅಷ್ಟು ಸಾಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಂತೂ ಮಲೆನಾಡಿನ ಕಡೆ ಸಿಡಿಲು ಅದೇ ಡಿಶ್ ತಂತಿಯಲ್ಲಿ ಇಳಿದು ಟಿವಿ ದಾಟಿ ಗ್ರಾಫಿಕ್ಸ್ ಕಾರ್ಡಿನ ತನಕ ಬರಬಹುದು. ಮೋಡ ಕಟ್ಟಿದಾಗ ಕರೆಂಟಿನ ಪ್ಲಗ್ ಜೊತೆ ಡಿಶ್ ತಂತಿಯನ್ನೂ ಎಚ್‌ಡಿಎಂಐಯನ್ನೂ ಕಿತ್ತಿಡಬೇಕು. ಮಾಮೂಲಿ ದಿನಗಳಲ್ಲಿ ಟಿವಿ, ಕಂಪ್ಯೂಟರ್ ಎರಡರ ಸ್ವಿಚ್ಚೂ ಆರಿಸಿ ಪ್ಲಗ್ ತೆಗೆದು ಆಮೇಲೆ ಕೇಬಲ್ ಜೋಡಿಸಿದರೆ ಒಳ್ಳೆಯದು. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿ.